ಬಿಲ್ಲೆ ಹೇಳಿದ ಚಾಡಿ

…ನಗಬೇಡ. ನಗಬೇಡ ಅಂದ್ನಲ್ಲ! ಚಿತ್ರಾನ ತಲೆಕೆಳಗಾಗಿ ಹಿಡ್ಕೊಂಡಿದೀನಿ ಅಂತ ತಾನೇ ಕಿಸಿಕಿಸಿ ಅಂತಿರೋದು? ಬೇಕಂತಲೇ ಹಿಡ್ಕೊಂಡಿದೀನಿ ಕಣೇ ಪುಟ್ಟಿ. ಮೆರುಗಿನ ಕೆಲಸದೋನು ಯಾವುದನ್ನೂ ಮೊದಲೇ ನೆಟ್ಟಗೆ ನೋಡಲ್ಲ. ತಲೆಕೆಳಗು ಮಾಡ್ತಾನೆ, ಓರೆ ಮಾಡ್ತಾನೆ, ಬೆಳಕಿಗೆ ಅಡ್ಡ ಹಿಡೀತಾನೆ, ಆಮೇಲೆ ನೆಟ್ಟಗೆ. ಹಾಂ… ಈಗ ನೆಟ್ಟಗೆ ಬಂತು. ಬಂತು ತಾನೆ? ಬಂತು, ಬಂತು.

"ತಾತ, ಇದರಲ್ಲಿ ಏನು ಕಾಣುತ್ತೆ, ನೋಡಿ ಹೇಳು." ಅಬ್ಬಬ್ಬಾ, ಏನು ಗತ್ತು! ನನ್ನ ಮಗಳ ಮಗಳು. ಈ ಮೆರುಗಿನ ಮೇಜಿನ ಕೆಳಗೇ ಅಂಬೆಗಾಲಿಟ್ಟು ಬೆಳೆದೋಳು. ಇವತ್ತು ಮಹಡಿ ಮೇಲಿನ ದೊಡ್ಡ ಲ್ಯಾಬಿಂದ ಇಳಿದು ಬಂದು, ಕೈಗೊಂದು ಚಿತ್ರ ತುರುಕಿ, ಅದೊಂದು ಮಾತು ಕೇಳಿ, ಬಾಯಿಗೆ ಬೀಗ ಜಡಿದುಕೊಂಡು ನಿಂತುಬಿಟ್ಟಿದಾಳೆ. ಅದೂ ಎಲ್ಲಿ? ಕಿಟಕಿ ಪಕ್ಕ, ಬಿಳಿ ಕೋಟಲ್ಲಿ, ತೀರ್ಪು ಕೊಡೋರ ಥರ! ಹೇಳ್ತೀನಿ ತಾಯಿ, ಹೇಳ್ತೀನಿ. ನಿನ್ನ ಚಿತ್ರ ಎಲ್ಲಿಗೂ ಓಡಿಹೋಗಲ್ಲ. ಮೊದಲು ಟೀ. ಮಾತು ಬೇಡದೋರಿಗೂ ಟೀ ಬೇಕಾಗುತ್ತೆ…

ಅಯ್ಯೋ! ಅಯ್ಯಯ್ಯೋ, ಈ ಲೋಟ ಯಾರೇ ಜರುಗಿಸಿದ್ದು? ನೋಡು, ಟೀ ಎಲ್ಲ ಮೇಜಿನ ಪಾಲಾಯ್ತು! ಎಷ್ಟು ಸಲ ಬಾಯಿ ಬಡ್ಕೊಂಡಿದೀನಿ, ನನ್ನ ಮೇಜಿನ ಮೇಲೆ ಇಟ್ಟ ಸಾಮಾನು ಇಟ್ಟ ಕಡೆನೇ ಇರ್ಬೇಕು ಅಂತ. ಎಡಗಡೆ ಮರಳು ಕಾಗದ. ಅದರ ಪಕ್ಕ ಪುಡಿ ಡಬ್ಬ. ಆಮೇಲೆ ಒರೆಸೋ ಬಟ್ಟೆ. ಬಲಗಡೆ ತುದಿಗೆ ಚಿಮಟ, ಚಿಮಟದ ಹಿಂದೆ ಲೋಟ. ಬೆರಳಗಲ ಆಚೀಚೆ ಆದ್ರೂ ನನಗೆ ಮೈ ಉರಿಯುತ್ತೆ. ವಯಸ್ಸಾಯ್ತು ಅಂತಲ್ಲ. ಶಿಸ್ತು! ಶಿಸ್ತು ಅನ್ನೋದು ನಿಮ್ಮ ಕಾಲದೋರಿಗೆ ಎಲ್ಲಿ ಗೊತ್ತಾಗುತ್ತೆ?

ಹಾಗೆ ನೋಡಬೇಡ ನನ್ನ. ಹುಬ್ಬು ಗಂಟಿಕ್ಕಿಕೊಂಡು… ನಿಮ್ಮಜ್ಜಿ ಥರಾನೇ ನೋಡ್ತೀಯ.

ನಿಮ್ಮಜ್ಜಿ ಅಂದ್ಮೇಲೆ ನೆನಪಾಯ್ತು. ನಿನ್ನ ಎಲೆಕ್ಟ್ರಾನಿನ ವಿದ್ಯೆ ಇದೆಯಲ್ಲ, ಅದನ್ನ ಈ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು ಅರ್ಥ ಮಾಡ್ಕೊಂಡೋನು ಯಾರು? ನಾನು. ನಗು, ನಗು! ಶಾಲೆ ಮೆಟ್ಟಿಲು ಹತ್ತಿದೋನಲ್ಲ, ಹಾಜರಿಗೂ ಹೆಬ್ಬೆಟ್ಟು ಒತ್ತೋನು, ಇವನಿಗೇನು ಅರ್ಥ ಆಗುತ್ತೆ ಅಂತ ತಾನೇ? ಕೇಳು. ಹಳೇ ಡೈರೆಕ್ಟ್ರು ಒಂದು ದಿನ ಹಲಗೆ ಮುಂದೆ ನಿಂತು ಹೊಸಬರಿಗೆ ಪಾಠ ಹೇಳ್ತಾ ಇದ್ರು. ಒಂದು ಉಕ್ಕಿನ ಡ್ರಮ್ಮು. ಅದರಿಂದ ಗಾಳಿ ಎಲ್ಲ ಹೀರಿ ತೆಗೀಬೇಕು. ಒಳಗೆ ಒಂದು ಲೋಹದ ಬಿಲ್ಲೆ, ಅಂದ್ರೆ ನಾನು ತಿಕ್ಕಿ ಮೆರುಗು ಕೊಟ್ಟದ್ದು. ಅದರ ಎದುರಿಗೆ ಒಂದು ಬಂದೂಕು. ಬಂದೂಕಿಂದ ಗುಂಡು ಬರಲ್ಲ, ಎಲೆಕ್ಟ್ರಾನು ಬರುತ್ತೆ. ಒಂದು ಎಲೆಕ್ಟ್ರಾನು ಓಡಿಹೋಗಿ ಬಿಲ್ಲೆಗೆ ದಬಕ್ಕನೆ ಬಡಿಯುತ್ತೆ. ಬಿಲ್ಲೆ ಒಳಗೆ ತೆಪ್ಪಗೆ ಕೂತಿದ್ದ ಎಲೆಕ್ಟ್ರಾನುಗಳು "ಯಾವೋನೋ ಅವನು!" ಅಂತ ಎದ್ದು ಈಚೆಗೆ ಹಾರ್ತವೆ. ಒಂದು ಹೋದ್ರೆ ಎರಡು ಬರಬಹುದು, ಮೂರೂ ಬರಬಹುದು. ಎಷ್ಟು ಬಂದ್ವು ಅಂತ ಅಳೆಯೋದೇ ಈ ಲ್ಯಾಬಿನ ಕೆಲಸ, ಅಂದ್ರು.

ಹೊಸಬರೆಲ್ಲ ಬಾಯಿ ಬಿಟ್ಕೊಂಡು ನೋಡ್ತಾ ಇದಾರೆ. ನಾನು ಬಾಗಿಲಲ್ಲಿ ಬಿಲ್ಲೆ ಹಿಡ್ಕೊಂಡು ನಿಂತಿದ್ದೋನು ಅಂದೆ, "ಸಾರ್, ಇದಕ್ಕೆ ಡ್ರಮ್ಮು ಯಾಕೆ ಬೇಕು? ನಮ್ಮನೆಗೆ ಬನ್ನಿ!"

ಯಾಕೆ ಅಂತ ಕೇಳು. ಮೆಲ್ಲಗೆ ಗೊಣಗಿದ್ರೆ ನಿಮ್ಮಜ್ಜಿ ಅಲ್ಲಾಡ್ತಿರಲಿಲ್ಲ. ಏಟು ಸಾಲದು! ಹದವಾಗಿ ಒಂದು ಮಾತು ಬಿಟ್ರೋ, ಸಾರಿಗೆ ಉಪ್ಪು ಕಮ್ಮಿ ಅಂತ ಅಷ್ಟೇ, ಆಹಾಹಾ! ಪಟಪಟಪಟ ಅಂತ ಬೈಗುಳ ಈಚೆ ಬರೋವು. ನಮ್ಮಪ್ಪ ಬರೋನು, ನಮ್ಮಕ್ಕ ಬರೋಳು, ಮದುವೆ ದಿನ ನಾನು ಚಪ್ಪಲಿ ಕಳ್ಕೊಂಡಿದ್ದು ಬರೋದು. ಒಂದು ಹೋದ್ರೆ ಮೂರಲ್ಲ, ಮೂವತ್ತು! ಆದ್ರೆ ತೀರಾ ಗಟ್ಟಿಯಾಗಿ ಕೂಗಿಬಿಟ್ನೋ… ಅದು ಬೇರೆ. ಮಾತು ಆಳಕ್ಕೆ ಇಳಿದುಬಿಡೋದು. ಒಳಗೆ ಎಲ್ಲಾ ಎದ್ದೇಳ್ತಿದ್ವು, ಏಳ್ತಿರಲಿಲ್ಲ ಅಂತಲ್ಲ. ಅಷ್ಟು ಆಳದಿಂದ ಮೇಲಕ್ಕೆ ಬರೋ ಹೊತ್ತಿಗೆ ಸುಸ್ತಾಗಿ ದಾರೀಲೇ ಕೂತುಬಿಡ್ತಿದ್ವು. ಈಚೆಗೆ ಒಂದೂ ಬರ್ತಿರಲಿಲ್ಲ. ನಿಮ್ಮಜ್ಜಿ ಬರೀ ಪಾತ್ರೆ ತೊಳೀತಾ ಇರೋಳು. ಅವಳ ಮಾತಿಗೆ ನಾನು ಯಾವತ್ತೂ ಹೆದರಿದೋನಲ್ಲ ಕಣೇ. ಆ ಸುಮ್ಮನಿರೋದಕ್ಕೆ ಹೆದರ್ತಿದ್ದೆ.

ಹಳೇ ಡೈರೆಕ್ಟ್ರು ಏನಂದ್ರು ಗೊತ್ತಾ? ಸೀಮೆಸುಣ್ಣ ಕೆಳಗಿಟ್ಟು, "ಇನ್ನು ನನ್ನ ಪಾಠ ಬೇಡ, ಇವರನ್ನೇ ಕೇಳಿ" ಅಂತ ಕೈ ಮುಗಿದು ಹೊರಟುಹೋದ್ರು. ಸುಳ್ಳಲ್ಲ! ಸರಿ, ಕೈ ಮುಗಿಯಲಿಲ್ಲ. ನಕ್ಕರು. ನಗೋದೂ ಒಂದು ಮರ್ಯಾದೆನೇ.

ನೀನೂ ಈಗ ನಿಮ್ಮಜ್ಜಿ ಹಾಗೇ ಇದೀಯಲ್ಲೇ. ಅಷ್ಟು ಆಳಕ್ಕೆ ಹೋಗಿ ಬಡಿದಿರೋದು ಏನೇ ನಿನಗೆ? …ಬೇಡ ಬಿಡು. ನಾನೇ ಹೇಳ್ತೀನಿ. ನಾಳೆದು ತಾನೇ? ನನ್ನ ಕಿವಿ ಇನ್ನೂ ಕಿವಿ. ಮಹಡಿ ಮೆಟ್ಟಿಲ ಮೇಲೆ ಆಡಿದ್ದೆಲ್ಲಾ ಈ ರೂಮಿಗೆ ಇಳಿದುಬರುತ್ತೆ. ನಾಳೆ ಹೊರಗಿನಿಂದ ದೊಡ್ಡ ದೊಡ್ಡ ಮನುಷ್ಯರು ಬರ್ತಾರೆ, ನೀನು ಅವರ ಮುಂದೆ ಡ್ರಮ್ಮು ನಡೆಸಿ ತೋರಿಸ್ಬೇಕು. ಒಂದು ಹೋದ್ರೆ ಮೂರು ಬರುತ್ತೆ ಅಂತ ಬರೆದು ಕಳಿಸಿಬಿಟ್ಟಿದೀಯ. ಈಚೆಗೆ ನೋಡಿದ್ರೆ ಒಂದು ಬಿಲ್ಲೇಲಿ ಮೂರು ಬರುತ್ತೆ, ಇನ್ನೊಂದರಲ್ಲಿ ಎರಡೂ ಬರಲ್ಲ. ಒಂದೇ ಬಿಲ್ಲೇಲಿ ಈ ಮೂಲೆ ಒಂದು ಹೇಳುತ್ತೆ, ಆ ಮೂಲೆ ಇನ್ನೊಂದು ಹೇಳುತ್ತೆ. ಹೊಸ ಡೈರೆಕ್ಟ್ರು ಅಂದಿದಾರೆ, "ತಪ್ಪು ಎಲ್ಲಿದೆ ಹುಡುಕು. ಮೆರುಗಿಂದಾದ್ರೆ ಮುದುಕರನ್ನ ಮನೆಗೆ ಕಳಿಸಿ ಆ ಮೇಜಿನ ಜಾಗದಲ್ಲಿ ಯಂತ್ರ ಕೂರಿಸೋಣ." ಅಂದ್ರೋ ಇಲ್ವೋ? ತಲೆ ತಗ್ಗಿಸ್ಬೇಡ. ನೀನಲ್ಲ ಅಂದಿದ್ದು, ಅವರು.

ಯಂತ್ರ! ಯಂತ್ರಕ್ಕೇನು ಗೊತ್ತು ಮೆರುಗು? ನಾನೊಂದು ಬಿಲ್ಲೆ ತಿಕ್ಕಿದ್ದೆ, ನೀನು ಹುಟ್ಟೋಕೆ ಮುಂಚೆ. ಒಂದು ನೊಣ ಬಂದು ಕೂತ್ಕೊಳ್ತು ಅದರ ಮೇಲೆ. ಕೂತ್ಕೊಳ್ತು ಎಲ್ಲಿ, ಜಾರ್ತು! ಜಾರಿ ಬಿದ್ದು ಹಿಂಗಾಲು ಮುರ್ಕೊಳ್ತು. ಆಮೇಲೆ ಎಷ್ಟೋ ದಿನ ಈ ರೂಮಲ್ಲಿ ಕುಂಟುತ್ತಾ ಹಾರಾಡೋದು ಪಾಪ. ಹಾರೋಕೆ ಕಾಲು ಯಾಕೆ ಅಂತೀಯಾ? ಅದನ್ನ ನೊಣನ ಕೇಳ್ಬೇಕು, ನನ್ನನ್ನಲ್ಲ. ಇನ್ನೊಂದು ಬಿಲ್ಲೆ ಒಣಗೋಕೆ ಅಂತ ಆ ಕಿಟಕಿ ಹತ್ರ ಇಟ್ಟಿದ್ದೆ, ಈಗ ನೀನು ನಿಂತಿದೀಯಲ್ಲ, ಅಲ್ಲೇ. ಒಂದು ಕಾಗೆ ಬಂದು ಬಗ್ಗಿ ನೋಡ್ತು. ತನ್ನ ಮುಖ ಅಷ್ಟು ಸ್ಪಷ್ಟವಾಗಿ ಅದು ಯಾವತ್ತೂ ನೋಡ್ಕೊಂಡಿರಲಿಲ್ಲ. "ಇಷ್ಟು ಕಪ್ಪೇ ನಾನು!" ಅಂತ ಮನಸ್ಸಿಗೆ ಹಚ್ಕೊಂಡು ಈ ಬೀದಿನೇ ಬಿಟ್ಟು ಹೋಯ್ತು. ಇವತ್ತಿಗೂ ಈ ಬೀದೀಲಿ ಕಾಗೆ ಇಲ್ಲ, ಬೇಕಾದ್ರೆ ಹುಡುಕು.

ಹೂಂ ಅನ್ನಬಾರದೇನೇ ಒಂದು ಸಲ? ಚಿಕ್ಕೋಳಿದ್ದಾಗ ಈ ಕಾಗೆ ಕತೆಗೆ ಉರುಳಾಡಿ ನಗ್ತಿದ್ದೆ.

ಸರಿ, ಸರಿ. ಚಿತ್ರ. ಚಿತ್ರಕ್ಕೆ ಬರ್ತೀನಿ. ಇದು ಬಿಲ್ಲೆಯ ಚಿತ್ರ, ಅಷ್ಟು ಗೊತ್ತಾಗಲ್ವಾ ನನಗೆ? ಬಿಲ್ಲೆಯಿಂದ ಈಚೆ ಬರೋ ಎಲೆಕ್ಟ್ರಾನುಗಳನ್ನೇ ಹಿಡಿದು, ಅವುಗಳ ಕೈಲೇ ಚಿತ್ರ ಬರೆಸೋ ಯಂತ್ರ ಇದೆಯಲ್ಲ ನಿನ್ನ ಹತ್ರ, ಅದರಲ್ಲಿ ತೆಗೆದದ್ದು. ಹೆಚ್ಚು ಬಂದ ಕಡೆ ಬೆಳ್ಳಗೆ, ಕಮ್ಮಿ ಬಂದ ಕಡೆ ಕಪ್ಪಗೆ. ನೀನೇ ಹೇಳಿಕೊಟ್ಟಿದ್ದು. ಚಾಡಿಕೋರರು ಕಣೇ ಅವು! ಬಿಲ್ಲೆ ಮೇಲೆ ಏನೇ ಕೂತಿರಲಿ, ಹೋಗಿ ಯಂತ್ರದ ಕಿವೀಲಿ ಊದಿಬಿಡ್ತವೆ. ಈ ಚಿತ್ರದಲ್ಲಿ… ಆಹಾ. ಏನು ಮೆರುಗು! ಏನು ನುಣುಪು! ಈ ಕೊನೆಯಿಂದ ಆ ಕೊನೆವರೆಗೂ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ನನ್ನ ಕೈಕೆಲಸ ತಾನೇ…

…ಅಲ್ವಾ?

ಅಲ್ಲ ಅಂತ ತಲೆ ಆಡಿಸ್ತಿದೀಯ. ಕಾಣುತ್ತೆ, ಕಾಣುತ್ತೆ. ಈ ಕಣ್ಣು ಹದ್ದಿನ ಕಣ್ಣು, ಅಲ್ಲಿ ನೀನು ರೆಪ್ಪೆ ಬಡಿದ್ರೆ ಇಲ್ಲಿ ನನಗೆ ಗಾಳಿ ಬೀಸುತ್ತೆ. ತಮಾಷೆ ಮಾಡಿದೆ ಕಣೇ! ಇದೆ, ಇದೆ, ಮಧ್ಯದಲ್ಲಿ ಏನೋ ಕಪ್ಪಗೆ ಇದೆ. ನೋಡಿದ ತಕ್ಷಣ ಗೊತ್ತಾಯ್ತು, ನೀನು ಬೇಜಾರಾಗ್ತೀಯ ಅಂತ ಹೇಳಲಿಲ್ಲ. ಎಣ್ಣೆ. ಪಂಪಿನ ಎಣ್ಣೆ! ಆ ಪಂಪಿನೋನು ಇದಾನಲ್ಲ, ಡ್ರಮ್ಮಿಂದ ಗಾಳಿ ಎಳೆಯೋನು, ಅವನು ಎಳೆಯೋದು ಕಮ್ಮಿ, ಒಳಗೆ ಎಣ್ಣೆ ಹೊಗೆ ಊದೋದೇ ಜಾಸ್ತಿ. ಅದು ಹೋಗಿ ಬಿಲ್ಲೆ ಮೇಲೆ ಕೂತು ಹೀಗೆ ಮಸಿ ಮೆತ್ತಿದೆ. ಬರೀ ಮಸಿ. ಆಕಾರ ಇಲ್ಲ, ಏನಿಲ್ಲ. ಮೋಡದ ಥರ… ಮೋಡ ಅಲ್ಲ… ಒಂಥರಾ… ಈಗ ಸೂಕ್ಷ್ಮವಾಗಿ ನೋಡಿದ್ರೆ… ನೀನೇ ಹೇಳ್ಬಾರದಾ, ಏನು ಕಾಣುತ್ತೆ ಅಂತ? ಎಲ್ಲಾ ಮುದುಕರ ಬಾಯಿಂದಲೇ ಬರ್ಬೇಕಾ?

ಡೈರೆಕ್ಟ್ರಿಗೆ ಹೇಳಿಬಿಡು, ಪಂಪು ಅಂತ. ಮುಗೀತು. ನಾಳೆಯ ಬಿಲ್ಲೆನ ನಾನು ಇನ್ನೊಂದು ಸಲ ತಿಕ್ಕಿ ಕೊಡ್ತೀನಿ, ಬೆಳಿಗ್ಗೆ ಬೇಗ ಬಂದು. ಮೂರು ಯಾಕೆ, ನಾಲ್ಕು ಬರುತ್ತೆ! ಬಂದೋರು ಕುರ್ಚಿಯಿಂದ ಬೀಳ್ತಾರೆ.

ಏನು, ನನ್ನ ಕೈ ಮೇಲೆ ಅನುಮಾನ ಬಂತಾ? ಬಿಲ್ಲೇನ ಕೈಯಲ್ಲಿ ಮುಟ್ಟಿರಬಹುದು ಅಂತಾನಾ? ಲೇ! ಕೊನೇ ಸಲ ತೊಳೆದ ಮೇಲೆ ಬಿಲ್ಲೆಗೆ ಮನುಷ್ಯನ ಚರ್ಮ ಸೋಕಬಾರದು, ಈ ನಿಯಮ ಮಾಡಿದ್ದೇ ನಾನು. ಬೆರಳಲ್ಲಿ ಜಿಡ್ಡಿದೆ, ಬೆವರಿದೆ, ಒಂದು ಸಲ ಒತ್ತಿದ್ರೆ ಸಾಕು, ಎಲೆಕ್ಟ್ರಾನು ಅಲ್ಲೇ ಮುಗ್ಗರಿಸುತ್ತೆ. ಚಿಮಟದಲ್ಲೇ ಎತ್ತಬೇಕು, ಚಿಮಟದಲ್ಲೇ ಇಡಬೇಕು. ನೀನು ಮೊಣಕಾಲುದ್ದ ಇದ್ದಾಗ ಹೊಳೆಯುತ್ತೆ ಅಂತ ಕೈ ಚಾಚಿದ್ದೆ, ಇದೇ ಚಿಮಟದಲ್ಲಿ ಗೆಣ್ಣಿನ ಮೇಲೆ ಟಕ್ ಅಂತ ಒಂದು ಕೊಟ್ಟಿದ್ದೆ. ಮನೆಯೆಲ್ಲಾ ಒಂದು ಮಾಡಿ ಅತ್ತಿದ್ದೆ ನೀನು. ನೆನಪಿದೆಯಾ? ಹೀಗೆ ಎತ್ಕೊಂಡು, ಹೀಗೆ…

ಎಲ್ಲಿ ಚಿಮಟ?

ಇಲ್ಲೇ ಇತ್ತಲ್ಲ. ಬಲಗಡೆ ತುದಿ. ಪುಡಿ ಡಬ್ಬ, ಬಟ್ಟೆ… ಇದು ಟೀ… ಥೂ. ಚಿಮಟ ಎಲ್ಲೇ? ಕೆಳಗೆ ಬಿತ್ತಾ? ನೀನು ತಗೊಂಡ್ಯಾ? ಕಿಟಕಿ ಹತ್ರ ನಿಂತಿರೋಳು ಇಲ್ಲಿಂದ ಹೇಗೆ ತಗೊಳ್ತೀಯ, ಕೈ ಅಷ್ಟುದ್ದ ಇದೆಯಾ? ಆಟ ಸಾಕು ಪುಟ್ಟಿ. ನಗೋದು ನಿಲ್ಸು. ಮಾತಾಡು. ಎಲ್ಲಿದೆ ಹೇಳು, ಇಲ್ಲಾ ಅದನ್ನಾದ್ರೂ ಬಡಿದು…

…

ಟಕ್ ಅಂತು.

ಈಗ ಟಕ್ ಅಂದಿದ್ದು ಚಿಮಟ. ಅದರ ಸದ್ದು ನನಗೆ ಗೊತ್ತಿಲ್ವಾ? ಆದ್ರೆ… ಹಿಂದಿನಿಂದ ಬಂತು. ಬಾಗಿಲ ಹತ್ರದ ಸ್ಟೂಲಿನ ಕಡೆಯಿಂದ.

ಪುಟ್ಟಿ?

ಇನ್ನೊಂದು ಸಲ ಬಡಿ.

…ಹೌದು. ಹಿಂದೆ.

ತಡಿ. ತಡಿ ತಡಿ. ಎದ್ದೇಳಬೇಡ, ಹತ್ರ ಬರಬೇಡ, ನನ್ನ ಕೈ ಹಿಡೀಬೇಡ. ಈ ರೂಮಲ್ಲಿ ನನ್ನ ಕೈ ಹಿಡಿದು ನಡೆಸೋರು ಇನ್ನೂ ಹುಟ್ಟಿಲ್ಲ. ಮೇಜು… ಮೇಜಿನ ಮೂಲೆ… ಕಿಟಕಿಗೆ ಇಷ್ಟೇ ದೂರ. ಇದು ತೋಳು. ತೋಳಿನ ಒಳಗೆ… ಏನಿಲ್ಲ. ಗೂಟ.

ಕೋಟು!

ಬಂದ ತಕ್ಷಣ ಬಿಚ್ಚಿ ಗೂಟಕ್ಕೆ ಹಾಕಿ, ಚಿತ್ರ ನನ್ನ ಕೈಗೆ ಕೊಟ್ಟು, ಹೋಗಿ ಅಲ್ಲಿ ಕೂತ್ಕೊಂಡ್ಯಾ. ಬೆಕ್ಕಿನ ಹೆಜ್ಜೆ ನಿಂದು, ಚಿಕ್ಕಂದಿನಿಂದಲೂ. ಮತ್ತೆ ನಾನು… ಇಷ್ಟೊತ್ತೂ… ಅಯ್ಯೋ ರಾಮ. ನಗಬೇಡ ಅಂತ ಗದರಿಸಿದ್ದು ಕಿಟಕಿ ಗಾಳಿಗೆ ಸರಸರ ಅಂತಿದ್ದ ಕೋಟನ್ನ. ಹುಬ್ಬು ಗಂಟಿಕ್ಕಬೇಡ ಅಂದಿದ್ದು ಕೋಟಿಗೆ! ರೆಪ್ಪೆ ಬಡಿದ್ರೆ ಗಾಳಿ ಬೀಸುತ್ತೆ ಅಂದ್ನಲ್ಲ… ಬೆಳ್ಳಗೆ ಇರೋದು ಬೆಳ್ಳಗೆ ಕಾಣುತ್ತೆ ಕಣೇ ನನಗೆ. ಅಷ್ಟು ಮಾತ್ರ ಕಾಣುತ್ತೆ. ಆದ್ರೂ ಒಂದು ಹೇಳ್ತೀನಿ, ನಿನಗಿಂತ ಚೆನ್ನಾಗಿ ಕತೆ ಕೇಳ್ತು ನಿನ್ನ ಕೋಟು. ಕಾಗೆ ಕತೆಗೆ ಎಷ್ಟು ನಕ್ತು!

ನೀನು ಒಂದು ಸಲಾನೂ ನಗಲಿಲ್ವಾ?

…ಇಲ್ಲ.

ಪೊರೆ ಅಷ್ಟೇ, ಇನ್ನೇನಿಲ್ಲ. ಬಿಲ್ಲೆ ಮೇಲೆ ಕಟ್ಕೊಳ್ಳುತ್ತಲ್ಲ ಪೊರೆ, ಅದೇ ಥರ. ಸ್ವಲ್ಪ ಪುಡಿ ಹಾಕಿ ತಿಕ್ಕಿದ್ರೆ ಹೋಗುತ್ತೆ. ಕಣ್ಣಿನ ಡಾಕ್ಟ್ರ ಹತ್ರ ನನಗೆ ಹೆದರಿಕೆ ಅಂತಲ್ಲ! ಅವರ ಕತ್ತಿಗೆ ಮೆರುಗು ಸಾಲದು ಅಂತ ಕೇಳಿದೀನಿ, ಅದಕ್ಕೇ…

ಬಂದ್ಯಾ. ಬರಬೇಡ ಅಂದ್ರೆ ಬರ್ತೀಯ. ಏನು, ಕೈ ಯಾಕೆ ಎಳೀತೀಯ? ಚಿತ್ರದ ಮೇಲೆ ಯಾಕೆ ಒತ್ತಿಸ್ತೀಯ, ಹೆಬ್ಬೆರಳು… ಬಿಡೇ… ಗೆರೆ ಮೇಲೆ ಓಡಿಸ್ತಿದೀಯಾ? ಸುತ್ತ, ಸುತ್ತ, ಸುತ್ತ… ಈಗ ಅಡ್ಡ. ಅಡ್ಡ ಒಂದು ಗೆರೆ, ಓರೆಯಾಗಿ. ಮೆರುಗಿನ ಚಕ್ರ ತಾಗಿ ನನ್ನ ಹೆಬ್ಬೆರಳು ಸೀಳಿತ್ತಲ್ಲ, ಆ ಗಾಯದ ಗೆರೆ ಇರೋ ಹಾಗೆ…

ಹಾಗೇನಾ.

ಎಷ್ಟು ದೊಡ್ಡದಾಗಿ ಬಂದಿದೆ? ಪೂರ್ತಿ ಚಿತ್ರದಷ್ಟು? ಒಂದು ಗೆರೆನೂ ಬಿಡದೆ? ಊದಿಬಿಟ್ರಲ್ಲೇ ಚಾಡಿಕೋರರು!

ಏನು ಮಾಡ್ಲಿ ಮತ್ತೆ? ಗೀರು ಉಳಿದಿದೆಯಾ ಹೋಯ್ತಾ ಅಂತ ಹೇಗಾದ್ರೂ ತಿಳೀಬೇಕಲ್ಲ. ಕಣ್ಣು ಹೇಳಲ್ಲ ಅಂತು. ಬೆರಳು ಹೇಳುತ್ತೆ. ಒಂದೇ ಸಲ, ಹಗುರವಾಗಿ, ಹೂವು ಮುಟ್ಟಿದ ಹಾಗೆ… ಆಮೇಲೆ ಬಟ್ಟೇಲಿ ಒರೆಸ್ತಿದ್ದೆ, ಒರೆಸದೆ ಇರಲಿಲ್ಲ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಹಾಜರಿ ಹಾಕೋಕೆ ಒತ್ತಿದ ಹೆಬ್ಬೆಟ್ಟೇ ಅರ್ಧಂಬರ್ಧ ಮೂಡ್ತಿತ್ತು. ಇಲ್ಲಿ ನೋಡು, ಎಷ್ಟು ಚೆನ್ನಾಗಿ ಮೂಡಿದೆ! ಅದನ್ನೂ ನೀನೇ ನೋಡ್ಬೇಕು.

ಡೈರೆಕ್ಟ್ರಿಗೆ ತೋರಿಸಿದ್ಯಾ?

ತೋರಿಸಿಲ್ಲ. ತೋರಿಸಿದ್ರೆ ನೀನು ಬರ್ತಿರಲಿಲ್ಲ, ಅವರೇ ಬರೋರು. ಕೋಟು ಬಿಚ್ಚಿಟ್ಟು ಬಂದು ಕೂತಿದೀಯ. ಲ್ಯಾಬಿನೋಳಾಗಿ ಬಂದಿದ್ರೆ ಕೋಟಲ್ಲೇ ಕೂರ್ತಿದ್ದೆ. ಅಷ್ಟೂ ತಿಳಿಯದ ಮುದುಕ ಅಲ್ಲ ನಾನು.

ಪಾಪ, ಆ ಪಂಪಿನೋನಿಗೆ ಒಂದು ಟೀ ಕುಡಿಸ್ಬೇಕು. ಯಾಕೆ ಅಂತ ಹೇಳಬೇಡ ಅವನಿಗೆ.

ಏನು, ಚಿಮಟ ವಾಪಸ್ ಕೊಡ್ತಿದೀಯಾ? ಬೇಡ. ಇಟ್ಕೋ. ನಿನ್ನ ಹತ್ರನೇ ಇರ್ಲಿ. ನಾಳೆಯ ಬಿಲ್ಲೆ ನಾನು ತಿಕ್ತೀನಿ, ತಿಕ್ಕೋಕೆ ಕಣ್ಣು ಬೇಡ, ತೋಳು ಸಾಕು. ತೊಳೆದ ಮೇಲೆ ಬೆಳಕಿಗೆ ಹಿಡಿದು ನೋಡೋದು ನೀನು, ಎತ್ತೋದು ನೀನು, ಡ್ರಮ್ಮಲ್ಲಿ ಇಡೋದು ನೀನು. ನಾನು ಕೈ ಚಾಚಿದ್ರೆ… ಟಕ್ ಅಂತ ಕೊಡು ಗೆಣ್ಣಿನ ಮೇಲೆ. ಹಳೇದು ತೀರಿಸ್ಕೋ. ನಾನು ಮನೆಯೆಲ್ಲಾ ಒಂದು ಮಾಡಿ ಅಳ್ತೀನಿ, ಆಯ್ತಾ? ನಾಳಿದ್ದು ಆ ಡಾಕ್ಟ್ರು. ಹೋಗೋಣ. ಅವರ ಕತ್ತಿ ನಾನೇ ಮೊದಲು ಮುಟ್ಟಿ ನೋಡ್ತೀನಿ, ಹೇಳಿರು.

ಇನ್ನೂ ಸುಮ್ನೆ ಇದೀಯಲ್ಲೇ. ಮತ್ತೆ ಎಲ್ಲಿಗೆ ಹೋದೆ, ಬೆಕ್ಕಿನ ಹೆಜ್ಜೆಯೋಳು? ಈ ಕಡೆನಾ? ಕೋಟಿನ ಕಡೆನಾ?

ಕಾಗೆ ಇನ್ನೂ ವಾಪಸ್ ಬಂದಿಲ್ಲ ಕಣೇ ಈ ಬೀದಿಗೆ. ನಿಜವಾಗ್ಲೂ. ಮುಖ ತೋರ್ಸೋಕೆ ನಾಚಿಕೆ ಅದಕ್ಕೆ.

ನಗು ಪುಟ್ಟಿ. ಸ್ವಲ್ಪ ಜೋರಾಗಿ ನಗು. ಎಲ್ಲಿದೀಯ ಅಂತ ಗೊತ್ತಾಗ್ಲಿ.